ನೀರು ಏರಿದಾಗ ಸಿಗ್ನಲ್ ಎಲ್ಲಿ ಹೋಯಿತು

— ಮೇ ತಿಂಗಳಲ್ಲಿ ಕಟ್ಟಿದ್ದು. ಎರಡು ತಿಂಗಳು ಕಲ್ಲು ನೆಟ್ಟ ಹಾಗೆ ನಿಂತಿತ್ತು. ಜುಲೈ ಕೊನೆಗೆ ಒಂದು ವಾರ ಸತ್ತುಹೋಯಿತು. ಕೇಬಲ್ ಬದಲಾಯಿಸಿದೆ, ಎದ್ದಿತು. ಆಗಸ್ಟಲ್ಲಿ ಮತ್ತೆ ಹೋಯಿತು. ಅಡಾಪ್ಟರ್ ಬದಲಾಯಿಸಿದೆ, ಎದ್ದಿತು. ಈಗ ಹದಿನೈದು ದಿನದಿಂದ ಎಂತ ಬದಲಾಯಿಸಿದರೂ ಏಳುತ್ತಿಲ್ಲ. ಶಾಲೆಯವರು ಫೋನ್ ಮಾಡಿ ಕೇಳುವುದನ್ನೂ ಬಿಟ್ಟಿದ್ದಾರೆ. ನನಗೆ ಅದೇ ಹೆಚ್ಚು ಸಂಕಟ.

— ಕೂತುಕೋ. ಎಲ್ಲಿಂದ ಎಲ್ಲಿಗೆ ಲಿಂಕು?

— ಸಾಗರದ ಕಡೆಯ ಗುಡ್ಡದಿಂದ ಶರಾವತಿ ಹಿನ್ನೀರು ದಾಟಿ ನಮ್ಮೂರಿಗೆ. 12 ಕಿಲೋಮೀಟರ್. 5.8 ಗಿಗಾಹರ್ಟ್ಸ್ ರೇಡಿಯೋ, ಎರಡೂ ತುದಿಯಲ್ಲಿ ಎರಡೆರಡು ಅಡಿ ಅಗಲದ ಡಿಶ್. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಯಿತಲ್ಲ, ಅದರ ಮೇಲೆ ಬಸ್ಸು ಬಂತು, ಗ್ಯಾಸ್ ಸಿಲಿಂಡರ್ ಬಂತು. ನಮ್ಮ ಕೇರಿಯ ತನಕ ಕೇಬಲ್ ಮಾತ್ರ ಬರಲಿಲ್ಲ. ಮಕ್ಕಳು ಪರೀಕ್ಷೆಯ ಅರ್ಜಿ ತುಂಬಲು ಗುಡ್ಡದ ನೆತ್ತಿ ಹತ್ತುವುದನ್ನು ನೋಡಿ ನೋಡಿ ನಾನೇ ಕೈ ಹಾಕಿದೆ.

— ಕೈ ಹಾಕಿದ್ದು ಒಳ್ಳೆಯದಾಯಿತು. ಕಟ್ಟುವ ಮೊದಲು ಲೆಕ್ಕ ಹಾಕಿದ್ದೆಯಾ?

— ಒಂದು ಗುಡ್ಡದಿಂದ ಇನ್ನೊಂದು ಗುಡ್ಡ ಕಾಣುತ್ತಿತ್ತು. ಬೈನಾಕ್ಯುಲರಲ್ಲಿ ನೋಡಿದೆ. ಆ ಕಡೆಯಿಂದ ಗೆಳೆಯ ಕನ್ನಡಿ ಹಿಡಿದು ಬಿಸಿಲು ಹೊಳೆಸಿದ, ಈ ಕಡೆ ಮಿಂಚಿತು. ಸಾಕು ಅಂದುಕೊಂಡೆ.

— ಕನ್ನಡಿ ಹಿಡಿಸಿದ್ದು ಒಳ್ಳೆಯ ಕೆಲಸ. ಆದರೆ ಕಣ್ಣಿಗೆ ಕಂಡರೆ ರೇಡಿಯೋಕ್ಕೆ ಕಂಡಂತೆ ಅಲ್ಲ. ಬೆಳಕು ದಾರದ ಹಾಗೆ ಹೋಗುತ್ತದೆ ಅಂತ ಇಟ್ಟುಕೋ. ರೇಡಿಯೋ ಅಲೆ ಸೌತೆಕಾಯಿಯ ಹಾಗೆ, ಎರಡೂ ತುದಿ ಸಪೂರ, ನಡುವೆ ದಪ್ಪ. ಫ್ರೆನೆಲ್ ವಲಯ ಅನ್ನುತ್ತಾರೆ. ಬೆಳಕು ಅಲೆ ಅಂತ 200 ವರ್ಷದ ಹಿಂದೆ ಲೆಕ್ಕದಲ್ಲಿ ತೋರಿಸಿಕೊಟ್ಟ ಫ್ರೆಂಚ್ ಎಂಜಿನಿಯರನ ಹೆಸರು ಅದು. ನಿನ್ನ 12 ಕಿಲೋಮೀಟರಿನ ನಡುಮಧ್ಯದಲ್ಲಿ ಆ ಸೌತೆಕಾಯಿಯ ತ್ರಿಜ್ಯ ಸುಮಾರು ಹನ್ನೆರಡೂವರೆ ಮೀಟರ್. ಕೊನೇ ಪಕ್ಷ ಅದರ ನೂರಕ್ಕೆ ಅರವತ್ತು ಭಾಗ ಖಾಲಿ ಇರಬೇಕು. ಅಂದರೆ ನೇರ ಗೆರೆಯಿಂದ ಕೆಳಗೆ ಏಳೂವರೆ ಮೀಟರ್ ತನಕ ಮರದ ತುದಿಯೂ ಬರಬಾರದು. ಅದರ ಮೇಲೆ ಭೂಮಿಯ ಉಬ್ಬು ಬೇರೆ, ನಡುವಿನಲ್ಲಿ ಎರಡು ಮೀಟರ್.

— 12 ಕಿಲೋಮೀಟರಿಗೆ ಭೂಮಿಯ ಉಬ್ಬೂ ಲೆಕ್ಕಕ್ಕೆ ಬರುತ್ತದಾ?

— ಬರುತ್ತದೆ. ದೂರ ಇಮ್ಮಡಿ ಆದರೆ ಉಬ್ಬು ನಾಲ್ಕು ಪಟ್ಟು ಆಗುತ್ತದೆ. ಅದಕ್ಕೇ ದೂರದ ಲಿಂಕಿನಲ್ಲಿ ದೂರಕ್ಕಿಂತ ಎತ್ತರದ ಚಿಂತೆ ಜಾಸ್ತಿ. ವೆನೆಜುವೆಲಾದ ಎರ್ಮಾನ್ನೊ ಪಿಯೆಟ್ರೊಸೆಮೊಲಿ ಅನ್ನುವ ಪ್ರಾಧ್ಯಾಪಕರು 2006ರಲ್ಲಿ 279 ಕಿಲೋಮೀಟರ್, ಮರುವರ್ಷ 382 ಕಿಲೋಮೀಟರ್ ವೈಫೈ ಲಿಂಕ್ ಮಾಡಿ ತೋರಿಸಿದರು. ಮನೆಯಲ್ಲಿ ಇಡುವಂಥ ಸಾಮಾನ್ಯ ರೂಟರ್, ಹಳೆಯ ಡಿಶ್. ಸಾಧ್ಯವಾಗಿದ್ದು ಒಂದು ತುದಿ 4,200 ಮೀಟರ್ ಎತ್ತರದ ಆಂಡಿಸ್ ಶಿಖರದ ಮೇಲಿತ್ತು ಅಂತ. ಅಷ್ಟು ಎತ್ತರ ಸಿಕ್ಕರೆ ದೂರ ದೊಡ್ಡದಲ್ಲ.

— ನಮ್ಮಲ್ಲಿ ಗೆರೆಯ ಬಹುಪಾಲು ನೀರಿನ ಮೇಲೆ ಹೋಗುತ್ತದೆ. ನೀರಿನ ಮೇಲೆ ಮರ ಇಲ್ಲ, ಮನೆ ಇಲ್ಲ. ಅದಕ್ಕೇ ಧೈರ್ಯ ಮಾಡಿದ್ದು.

— ಅಲ್ಲೇ ಇರುವುದು ಸಂಗತಿ, ಬರೋಣ ಅಲ್ಲಿಗೆ. ಮೊದಲು ಹೇಳು, ಮೇ ತಿಂಗಳಲ್ಲಿ ಸಿಗ್ನಲ್ ಎಷ್ಟಿತ್ತು? ಬರೆದಿಟ್ಟಿದ್ದೀಯಾ?

— ಇಟ್ಟಿದ್ದೇನೆ. ಮೈನಸ್ 65 ಡಿಬಿಎಂ.

— ಭೇಷ್. ಈಗ ಲೆಕ್ಕ ಹಾಕೋಣ. ನಿನ್ನ 5.8 ಗಿಗಾಹರ್ಟ್ಸ್ ತರಂಗಾಂತರ ಪಟ್ಟಿಯಲ್ಲಿ 2018ರಿಂದ ಹೊರಾಂಗಣಕ್ಕೂ ಪರವಾನಗಿ ಬೇಡ. ಆದರೆ ಡಿಶ್ಶಿನಿಂದ ಹೊರಡುವ ಬಲಕ್ಕೆ 4 ವಾಟಿನ ಮಿತಿ ಇದೆ, ಅಂದರೆ 36 ಡಿಬಿಎಂ. ಖಾಲಿ ಆಕಾಶದಲ್ಲಿ 12 ಕಿಲೋಮೀಟರ್ ಹೋಗುವಷ್ಟರಲ್ಲಿ 129 ಡಿಬಿ ಕಳೆದುಹೋಗುತ್ತದೆ. ಆಚೆ ತುದಿಯ ಡಿಶ್ 30 ಡಿಬಿ ಕೂಡಿಸಿಕೊಡುತ್ತದೆ. 36ರಲ್ಲಿ 129 ಕಳೆ, 30 ಕೂಡಿಸು. ಮೈನಸ್ 63. ನಿನಗೆ ಕಂಡದ್ದು ಮೈನಸ್ 65. ಎರಡು ಡಿಬಿ ಆಚೆ ಈಚೆ. ಅಂದರೆ ಮೇ ತಿಂಗಳಲ್ಲಿ ನೀನು ಡಿಶ್ ತಿರುಗಿಸಿ ಕೂರಿಸಿದ್ದು ಸರಿಯಾಗಿಯೇ ಇತ್ತು.

— ಲೆಕ್ಕ ಹಾಕದೆ ಇದ್ದಿದ್ದರೆ ಅದು ಸರಿ ಇದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತಿತ್ತು?

— ಗೊತ್ತಾಗುತ್ತಿರಲಿಲ್ಲ. ಅದಕ್ಕೇ ನಾನು ಗುಡ್ಡ ಹತ್ತುವ ಮೊದಲು ಅಂಗೈ ಮೇಲೆ ಪೆನ್ನಿನಲ್ಲಿ ಸಂಖ್ಯೆ ಬರೆದುಕೊಂಡೇ ಹತ್ತುತ್ತಿದ್ದೆ. ಡಿಶ್ಶಿಗೆ ನಡುವಿನ ಒಂದು ಕಿರಣ ಅಲ್ಲದೆ ಪಕ್ಕಕ್ಕೂ ಸಣ್ಣ ಕಿರಣಗಳಿರುತ್ತವೆ, ಇಪ್ಪತ್ತು ಡಿಬಿ ದುರ್ಬಲ. ಆ ಪಕ್ಕದ ಕಿರಣದಲ್ಲಿ ಲಿಂಕ್ ಸಿಕ್ಕಿದ ಕೂಡಲೆ ಹುಡುಗರು ಸಂತೋಷದಲ್ಲಿ ನಟ್ಟು ಬಿಗಿದುಬಿಡುತ್ತಾರೆ. ಆ ಹೊತ್ತಿಗೆ ಲಿಂಕ್ ಓಡುತ್ತದೆ. ಮೊದಲ ಮಳೆಗೆ ಬೀಳುತ್ತದೆ. ಮೈನಸ್ 63 ಬರಬೇಕಾದಲ್ಲಿ ಮೈನಸ್ 83 ಕಂಡರೆ ಮಳೆಯನ್ನೂ ಮರವನ್ನೂ ಬೈಯಬಾರದು, ಡಿಶ್ಶನ್ನು ಎಡಕ್ಕೆ ಬಲಕ್ಕೆ ಪೂರ್ತಿ ತೂಗಿ ನೋಡಬೇಕು. ನಡುವಿನ ದೊಡ್ಡ ಶಿಖರ, ಎರಡೂ ಪಕ್ಕದ ಸಣ್ಣ ಶಿಖರ, ಮೂರನ್ನೂ ಕಂಡ ಮೇಲೆಯೇ ಸ್ಪ್ಯಾನರ್ ಮುಟ್ಟಬೇಕು.

— ಈಗ ನನ್ನದು ಮೈನಸ್ 84. ಡಿಶ್ ಗಾಳಿಗೆ ತಿರುಗಿರಬಹುದು ಅಂತ ಅದನ್ನೂ ನೋಡಿದೆ. ಮೇ ತಿಂಗಳಲ್ಲಿ ಪೈಪಿನ ಮೇಲೆ ಗುರುತಿಗೆ ಬಣ್ಣದ ಗೆರೆ ಎಳೆದಿದ್ದೆ, ಗೆರೆ ಇದ್ದಲ್ಲೇ ಇದೆ. ಪವರ್ ಹೆಚ್ಚು ಮಾಡೋಣ ಅಂತ ಇದ್ದೆ.

— ಬೇಡ. ಒಂದು, ಅದು ಕಾನೂನಿಗೆ ವಿರುದ್ಧ. ಇನ್ನೊಂದು, ಈ ರೋಗಕ್ಕೆ ಅದು ಮದ್ದೇ ಅಲ್ಲ. ಜುಲೈ ಕೊನೆಗೆ ಒಂದು ವಾರ ಸತ್ತದ್ದು ತಾನಾಗಿಯೇ ಎದ್ದಿತ್ತು. ನಿನ್ನ ಕೇಬಲ್ಲಿನಿಂದಲ್ಲ.

— ಅದು ಹೇಗೆ ಅಷ್ಟು ಖಚಿತವಾಗಿ ಹೇಳುತ್ತೀರಿ?

— ಮೇ ತಿಂಗಳಲ್ಲಿ ಹಿನ್ನೀರು ಹೇಗಿತ್ತು ನೆನಪು ಮಾಡಿಕೋ. ನೀರು ಎಷ್ಟು ಇಳಿದಿತ್ತು?

— ಪೂರ್ತಿ ಇಳಿದಿತ್ತು. ಮುಳುಗಿದ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತಿತ್ತು. ಜನ ನೋಡಲು ಹೋಗುತ್ತಿದ್ದರು. ನಮ್ಮೂರ ಕೆಳಗಿನ ಕೊಲ್ಲಿಯಲ್ಲಿ ನೀರೇ ಇರಲಿಲ್ಲ. ಹುಲ್ಲು, ಒಣಗಿದ ಕೆಸರು, 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಮುಳುಗಿದ ಕಾಡಿನ ಬೊಡ್ಡೆಗಳು.

— ಈಗ?

— ತುಂಬಿದೆ. ದಡ ಮುಟ್ಟಿದೆ.

— ಈಗ ಚಿತ್ರ ಬರೆಯೋಣ, ಪೆನ್ನು ಕೊಡು. ಸಾಗರದ ಕಡೆಯ ಡಿಶ್ ತುಂಬಿದ ನೀರಿನಿಂದ 40 ಮೀಟರ್ ಮೇಲೆ. ನಿನ್ನದು?

— ಮನೆ ದಿಬ್ಬದ ಮೇಲಿದೆ, ಪೈಪು ಸೇರಿ ಸುಮಾರು 25 ಮೀಟರ್.

— ಸರಿ. ಒಂದು ಅಲೆ ಆಚೆಯಿಂದ ನೇರ ಬರುತ್ತದೆ. ಇನ್ನೊಂದು ಕೆಳಗೆ ಹೋಗಿ ನೀರಿಗೆ ತಾಗಿ ಜಾರಿ ಮೇಲೆ ಬರುತ್ತದೆ. ಎರಡನೆಯದು ನಡೆದ ದಾರಿ ಚೂರು ಉದ್ದ. ಎಷ್ಟು ಉದ್ದ? ಎರಡೂ ಎತ್ತರ ಗುಣಿಸಿ, ಇಮ್ಮಡಿ ಮಾಡಿ, ದೂರದಿಂದ ಭಾಗಿಸು. ಹದಿನಾರು ಹದಿನೇಳು ಸೆಂಟಿಮೀಟರ್ ಬರುತ್ತದೆ. ಹನ್ನೆರಡು ಕಿಲೋಮೀಟರಿನಲ್ಲಿ ಒಂದು ಗೇಣು! ಆದರೆ ನಿನ್ನ ಅಲೆಯ ಉದ್ದ ಐದು ಸೆಂಟಿಮೀಟರ್ ಮಾತ್ರ. ನೀರಿಗೆ ತಾಗಿದಾಗ ಅಲೆ ತಲೆಕೆಳಗಾಗುತ್ತದೆ. ಆ ಗೇಣಿನ ವ್ಯತ್ಯಾಸ ಐದರ ಪೂರ್ಣ ಗುಣಕಕ್ಕೆ ಹತ್ತಿರ ಬಂದರೆ ಎರಡೂ ಅಲೆ ಒಂದನ್ನೊಂದು ನುಂಗುತ್ತವೆ. ಅರ್ಧ ಅಲೆ ಆಚೀಚೆ ಆದರೆ ಒಂದಕ್ಕೊಂದು ಹೆಗಲು ಕೊಡುತ್ತವೆ. ನೀರು ಏರಿದರೆ ಎರಡೂ ಡಿಶ್ಶಿನ ಎತ್ತರ ನೀರಿನಿಂದ ಕಡಿಮೆ ಆಯಿತು ಅಂತ ಲೆಕ್ಕ. ನಿನ್ನ ಲಿಂಕಿನಲ್ಲಿ ಸುಮಾರು ಎಂಟು ಅಡಿ ನೀರು ಏರಿದರೆ ಸಿಗ್ನಲ್ಲಿನ ಶಿಖರ ಇದ್ದಲ್ಲಿ ಹಳ್ಳ, ಇನ್ನು ಎಂಟು ಅಡಿ ಏರಿದರೆ ಮತ್ತೆ ಶಿಖರ.

— ಅಂದರೆ ಕೇಬಲ್ ಬದಲಾಯಿಸಿದ ವಾರ ಅಣೆಕಟ್ಟಿಗೆ ನೀರು ಬರುತ್ತಿತ್ತು...

— ಮಳೆ ಜೋರಿತ್ತು, ಒಳಹರಿವು ಇತ್ತು, ನೀರು ದಿನಾ ಏರುತ್ತಿತ್ತು. ಹಳ್ಳ ದಾಟಿ ಮೇಲೆ ಬಂತು. ನೀನು ಅದೇ ದಿನ ಕೇಬಲ್ ಹಿಡಿದುಕೊಂಡು ಪೈಪಿನ ಮೇಲೆ ಇದ್ದೆ. ಈಗ ಅಣೆಕಟ್ಟು ತುಂಬಿ ಮಟ್ಟ ನಿಂತಿದೆ, ಲಿಂಕು ಹಳ್ಳದಲ್ಲೇ ನಿಂತಿದೆ. ನನ್ನ ಮೇಲೂ ಇಂಥದ್ದು ಬಂದಿದೆ. ಕರಾವಳಿಯ ಒಂದು ಅಳಿವೆಯ ಮೇಲೆ ಹಾಕಿದ ಲಿಂಕು ದಿನಕ್ಕೆರಡು ಸಲ ಬೀಳುತ್ತಿತ್ತು, ದಿನಾ ಮುಕ್ಕಾಲು ಗಂಟೆ ತಡವಾಗಿ. ಒಂದು ತಿಂಗಳು ಯಾರ್ಯಾರದೋ ತಪ್ಪು ಹುಡುಕಿದೆ. ಕೊನೆಗೆ ಅಲ್ಲಿಯ ಮೀನುಗಾರರ ಮನೆಯ ಗೋಡೆಯ ಮೇಲೆ ಉಬ್ಬರ ಇಳಿತದ ಪಟ್ಟಿ ನೋಡಿದಾಗ ಎದೆ ಝಲ್ ಅಂದಿತು.

— ಆದರೆ ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಅಲೆ ಇರುತ್ತದಲ್ಲ. ಲಾಂಚ್ ಕುಲುಕುವಷ್ಟು ಇರುತ್ತದೆ. ಕದಡಿದ ನೀರು ಕನ್ನಡಿ ಹೇಗಾಗುತ್ತದೆ?

— ಕಣ್ಣಿಗೆ ಆಗುವುದಿಲ್ಲ. ರೇಡಿಯೋಕ್ಕೆ ಆಗುತ್ತದೆ. ಅಲೆ ನೀರಿಗೆ ತಾಗುವ ಓರೆ ಎಷ್ಟು ಗೊತ್ತಾ? ಒಂದು ಡಿಗ್ರಿಯ ಮೂರರಲ್ಲಿ ಒಂದು ಭಾಗ. ಅಷ್ಟು ಓರೆಯಲ್ಲಿ ನೋಡಿದರೆ ಮೂರಡಿ ಎತ್ತರದ ಅಲೆಯೂ ನುಣುಪು. ಬೇಸಿಗೆಯ ಬೊಡ್ಡೆ, ದಿಣ್ಣೆ, ಇಳಿಜಾರು ಇದ್ದಾಗ ಮಾತ್ರ ಪ್ರತಿಫಲನ ಚೆದುರಿ ದಿಕ್ಕು ತಪ್ಪುತ್ತದೆ. ಮೇ ತಿಂಗಳಲ್ಲಿ ನಿನ್ನನ್ನು ಕಾಪಾಡಿದ್ದು ಆ ಸತ್ತ ಬೊಡ್ಡೆಗಳು.

— ನಾನು ಸಾಗರದ ಅಂಗಡಿಯಲ್ಲಿ ಕೇಳಿದಾಗ ಮಳೆಗೇ ಸಿಗ್ನಲ್ ಹೋಗುತ್ತದೆ ಅಂದರು.

— ಎಲ್ಲರೂ ಮಳೆಯ ಮೇಲೇ ಹಾಕುತ್ತಾರೆ. 60 ಗಿಗಾಹರ್ಟ್ಸ್ ಆದರೆ ನಿಜ. ಅಲ್ಲಿ ಮಳೆಯೂ ತಿನ್ನುತ್ತದೆ, ಬರಿಯ ಗಾಳಿಯಲ್ಲಿರುವ ಆಮ್ಲಜನಕವೇ ಕಿಲೋಮೀಟರಿಗೆ ಹದಿನೈದು ಡಿಬಿ ತಿನ್ನುತ್ತದೆ. ನಿನ್ನ 5.8ರಲ್ಲಿ ನಮ್ಮ ಆಷಾಢದ ಜಡಿಮಳೆ ನಾಲ್ಕಾರು ಡಿಬಿ ತಿಂದರೆ ಹೆಚ್ಚು. ಒದ್ದೆ ಎಲೆ ಬೇರೆ ಮಾತು. ಗೆರೆಗೆ ಅಡ್ಡ ಒಂದು ಅಕೇಶಿಯಾ ತೋಪು ಬಂದರೆ ಸಾಕು. ಮಾರ್ಚಲ್ಲಿ ಎಲೆ ಉದುರಿದ ಕಾಡಿನ ಮೇಲೆ ಪರೀಕ್ಷೆ ಮಾಡಿ, ಜೂನಲ್ಲಿ ಚಿಗುರು ತುಂಬಿ ಮಳೆ ಹಿಡಿದಾಗ ಕೈ ಸುಟ್ಟುಕೊಂಡವರನ್ನು ನಾನು ಎಷ್ಟೋ ನೋಡಿದ್ದೇನೆ.

— ಸರಿ, ಇದು ಪ್ರತಿಫಲನವೇ ಅಂತ ಸಾಬೀತು ಮಾಡುವುದು ಹೇಗೆ? ನಿಮ್ಮ ಮಾತು ನಂಬಿ ಪೈಪ್ ಕಡಿಯುವುದಕ್ಕೆ ನನಗೆ ಧೈರ್ಯ ಇಲ್ಲ.

— ನಂಬಬೇಡ, ಅಳೆ. ಡಿಶ್ಶನ್ನು ಪೈಪಿನ ಮೇಲೆ ಒಂದೊಂದು ಅಡಿ ಇಳಿಸುತ್ತಾ ಬಾ. ಪ್ರತಿ ಅಡಿಗೂ ನಿಲ್ಲು, ಡಿಶ್ ಮತ್ತೆ ಆಚೆ ಗುಡ್ಡಕ್ಕೆ ಸರಿಯಾಗಿ ಮುಖ ಮಾಡಿದೆಯಾ ನೋಡು, ಎರಡು ನಿಮಿಷ ಬಿಡು, ಸಂಖ್ಯೆ ಬರೆ. ಅಡ್ಡ ಮರವೋ ದಿಣ್ಣೆಯೋ ಇದ್ದರೆ ಕೆಳಗೆ ಬಂದಷ್ಟೂ ಸಿಗ್ನಲ್ ಕೆಡುತ್ತಾ ಹೋಗುತ್ತದೆ, ಅಷ್ಟೇ. ಪ್ರತಿಫಲನ ಆದರೆ ಕೆಳಗೆ ಇಳಿದಂತೆ ಸಿಗ್ನಲ್ ಏರುತ್ತದೆ. ನನ್ನ ಲೆಕ್ಕದಲ್ಲಿ ಸುಮಾರು ಹದಿಮೂರು ಅಡಿ ಇಳಿದರೆ ಹಳ್ಳದಿಂದ ಶಿಖರಕ್ಕೆ ಬರಬೇಕು. ಕೆಳಗೆ ಇಳಿದಾಗ ಸಿಗ್ನಲ್ ಹೆಚ್ಚಾಗುವುದಕ್ಕೆ ಬೇರೆ ಕಾರಣ ನನಗೆ ಗೊತ್ತಿಲ್ಲ.

— ಹಾಗಾದರೆ ಹದಿಮೂರು ಅಡಿ ಕೆಳಗೆ ಕಟ್ಟಿಬಿಟ್ಟರೆ ಆಯಿತಲ್ಲ.

— ಇವತ್ತಿಗೆ ಆಯಿತು. ಜನವರಿಯಲ್ಲಿ ವಿದ್ಯುತ್ತಿಗೆ ನೀರು ಬಿಟ್ಟು ಎಂಟು ಅಡಿ ಇಳಿದಾಗ? ಅದಕ್ಕೆ ಎರಡು ದಾರಿ. ಒಂದು, ಒಂದೇ ಪೈಪಿನ ಮೇಲೆ ಹದಿಮೂರು ಅಡಿ ಅಂತರದಲ್ಲಿ ಎರಡು ಡಿಶ್. ಒಂದು ಹಳ್ಳದಲ್ಲಿದ್ದಾಗ ಇನ್ನೊಂದು ಶಿಖರದ ಹತ್ತಿರ ಇರುತ್ತದೆ. ಹಿಂದೆ ದೂರಸಂಪರ್ಕದ ಮೈಕ್ರೋವೇವ್ ಗೋಪುರಗಳ ಮೇಲೆ ಒಂದೇ ದಿಕ್ಕಿಗೆ ಮುಖ ಮಾಡಿ ಮೇಲೊಂದು ಕೆಳಗೊಂದು ಡಿಶ್ ಇರುತ್ತಿದ್ದದ್ದು ಇದಕ್ಕೇ. ದುಡ್ಡು ಇಮ್ಮಡಿ.

— ಇನ್ನೊಂದು?

— ಪ್ರತಿಫಲನ ಆಗುವ ಜಾಗವನ್ನೇ ನೀರಿನಿಂದ ನೆಲಕ್ಕೆ ಸರಿಸುವುದು. ಈಗ ಅದು ಆಚೆ ತುದಿಯಿಂದ ಏಳು ಏಳೂವರೆ ಕಿಲೋಮೀಟರಿನಲ್ಲಿದೆ, ನಟ್ಟನಡು ನೀರು. ನಿನ್ನ ಡಿಶ್ ನೀರಿನಿಂದ ಆರು ಮೀಟರ್ ಎತ್ತರಕ್ಕೆ ಬಂದರೆ ಆ ಜಾಗ ನಿನ್ನ ಕಡೆಗೆ ಜಾರಿ, ನಿನ್ನಿಂದ ಒಂದೂವರೆ ಕಿಲೋಮೀಟರಿನ ಆಸುಪಾಸಿಗೆ ಬರುತ್ತದೆ. ಅಲ್ಲಿ ಏನಿದೆ?

— ನಮ್ಮೂರ ನೆಲದ ಒಂದು ಚಾಚು ಇದೆ. ಪೂರ್ತಿ ತುಂಬಿದರೂ ಮುಳುಗುವುದಿಲ್ಲ. ಲಂಟಾನ, ಕೌಳಿ ಗಿಡ, ಎಲ್ಲಾ ಆಳೆತ್ತರ.

— ಅದು ಚಿನ್ನ! ಆ ಪೊದೆ ಪ್ರತಿಫಲನವನ್ನು ಹರಿದು ಹಾಕುತ್ತದೆ. ನೇರ ಗೆರೆ ಅಲ್ಲಿ ನೀರಿನಿಂದ ಒಂಬತ್ತೂವರೆ ಮೀಟರ್ ಮೇಲೆ ಹೋಗುತ್ತದೆ. ಸೌತೆಕಾಯಿಗೆ ಅಲ್ಲಿ ಐದು ಮೀಟರ್ ಖಾಲಿ ಬೇಕು. ನಾಲ್ಕು ಮೀಟರ್ ತನಕದ ನೆಲ, ಪೊದೆ ಎಲ್ಲಾ ಸೇರಿ ಇರಬಹುದು. ಅಷ್ಟೇ ಇರುವುದು ಅಂತರ. ಯಾರಾದರೂ ಅಲ್ಲಿ ನೆಡುತೋಪು ಮಾಡಿದರೆ ಲಿಂಕು ಹೋಯಿತು. ಆ ಚಾಚಿನ ಮೇಲೆ ಯಾರ ಕಣ್ಣಿದೆ, ಊರಲ್ಲಿ ವಿಚಾರಿಸು. ನಕ್ಷೆಯಲ್ಲಿ ಅದು ಸಿಗುವುದಿಲ್ಲ.

— ಎತ್ತರ ಎತ್ತರ ಅಂತ ನಾನು ಪೈಪಿಗೆ ಪೈಪು ವೆಲ್ಡ್ ಮಾಡಿಸಿದ್ದೆ. ಈಗ ಕೆಳಗೆ ಇಳಿಸು ಅನ್ನುತ್ತಿದ್ದೀರಿ.

— ಮರದ ಮೇಲೆ ಎತ್ತರ ಬೇಕು. ನೀರಿನ ಮೇಲೆ ಒಂದು ತುದಿ ಎತ್ತರ, ಒಂದು ತುದಿ ತಗ್ಗು ಇದ್ದರೆ ಒಳ್ಳೆಯದು. ಎಲ್ಲಿ ಯಾವುದು ಬೇಕು ಅನ್ನುವುದನ್ನು ಆ ಜಾಗವೇ ಹೇಳಬೇಕು. ಅದಿರಲಿ, ರೇಡಿಯೋದಲ್ಲಿ ದೂರ ಎಷ್ಟು ಅಂತ ತುಂಬಿದ್ದೀಯಾ?

— ಅದು ತಾನಾಗಿಯೇ ಹಿಡಿಯುತ್ತದೆ ಅಂತ ಬಿಟ್ಟಿದ್ದೆ.

— ಕೈಯಲ್ಲಿ ತುಂಬು, 13 ಕಿಲೋಮೀಟರ್ ಅಂತ ಕೊಡು. ವೈಫೈ ಮನೆಯೊಳಗೆ ಹುಟ್ಟಿದ್ದು. ಒಂದು ಮಾತು ಕಳಿಸಿ, ಸಿಕ್ಕಿತು ಅನ್ನುವ ಉತ್ತರಕ್ಕೆ ಕೆಲವೇ ಮೈಕ್ರೋಸೆಕೆಂಡ್ ಕಾಯುತ್ತದೆ. ನಿನ್ನ ಲಿಂಕಿನಲ್ಲಿ ಮಾತು ಹೋಗಲು 40, ಉತ್ತರ ಬರಲು 40. ಉತ್ತರ ದಾರಿಯಲ್ಲಿರುವಾಗಲೇ ಇಲ್ಲಿಂದ ಅದೇ ಮಾತು ಮತ್ತೆ ಹೊರಡುತ್ತದೆ. ಸಿಗ್ನಲ್ ಚೆನ್ನಾಗಿದ್ದರೂ ವೇಗ ಸಾಯುತ್ತದೆ. ಬರ್ಕ್ಲಿ ವಿಶ್ವವಿದ್ಯಾಲಯದ ಒಂದು ತಂಡ ತಮಿಳುನಾಡಿನ ಥೇಣಿಯಲ್ಲಿ ಅರವಿಂದ್ ಕಣ್ಣಾಸ್ಪತ್ರೆಗೂ ಹಳ್ಳಿಯ ದೃಷ್ಟಿ ಕೇಂದ್ರಗಳಿಗೂ ಲಿಂಕ್ ಹಾಕಿದಾಗ ಆ ಕಾಯುವ ಪದ್ಧತಿಯನ್ನೇ ತೆಗೆದು, ಎರಡೂ ತುದಿ ಸರದಿಯಲ್ಲಿ ಮಾತಾಡುವ ಹಾಗೆ ಮಾಡಿದರು. ಹಳ್ಳಿಯವರು ಅಲ್ಲೇ ಕೂತು ಪಟ್ಟಣದ ವೈದ್ಯರಿಗೆ ವಿಡಿಯೋದಲ್ಲಿ ಕಣ್ಣು ತೋರಿಸಿದರು. ನನಗೆ ಆ ಕೆಲಸದ ಮೇಲೆ ತುಂಬ ಗೌರವ. ಅವರು ಕೊನೆಗೆ ಬರೆದದ್ದು ಏನು ಗೊತ್ತಾ? ಹೆಚ್ಚು ಕಾಡಿದ್ದು ರೇಡಿಯೋ ಅಲ್ಲ, ಕೆಟ್ಟ ಕರೆಂಟು ಅಂತ.

— ನಮ್ಮಲ್ಲಿ ಸೋಲಾರ್ ಇದೆ. 40 ಆಂಪಿಯರ್ ಗಂಟೆಯ ಬ್ಯಾಟರಿ.

— ರೇಡಿಯೋ 8 ವಾಟ್ ಎಳೆದರೆ ದಿನಕ್ಕೆ 192 ವಾಟ್ ಗಂಟೆ. ಪುಷ್ಯ ಮಳೆಯಲ್ಲಿ ಮೂರು ದಿನ ಸೂರ್ಯ ಕಾಣದಿದ್ದರೆ 576. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ನೂರು ಆಂಪಿಯರ್ ಗಂಟೆಯದು ಬೇಕು. ಕೇಬಲ್ ಬದಲಾಯಿಸಿದೆ ಅಂದೆಯಲ್ಲ, ಹಳೆಯದರ ತುದಿ ಕಿತ್ತು ನೋಡಿದೆಯಾ?

— ಕಿಸೆಯಲ್ಲೇ ಇದೆ, ನೋಡಿ.

— ಇಲ್ಲಿ ಹಸಿರು ಕಾಣುತ್ತಿದೆಯಾ, ಎಂಟು ಲೋಹದ ಹಲ್ಲುಗಳಲ್ಲಿ ಮೂರರ ಮೇಲೆ? ಸಿಪ್ಪೆ ಸೀಳಿದರೆ ಒಳಗೆ ಇನ್ನೂ ತೇವ ಇದೆ, ಬೆರಳಿಗೆ ಅಂಟುತ್ತಿದೆ. ನೀರು ಮೇಲಿನಿಂದ ಕೇಬಲ್ ಹಿಡಿದುಕೊಂಡೇ ಇಳಿದು ರೇಡಿಯೋದ ಬಾಯಿಗೆ ಹೋಗಿದೆ. ಬಾಯಿಗೆ ಸೇರುವ ಮೊದಲು ಕೇಬಲ್ಲನ್ನು ಒಂದು ಗೇಣು ಕೆಳಗೆ ಬಾಗಿಸಿ, ಆಮೇಲೆ ಮೇಲಕ್ಕೆ ಒಯ್ದು ಸಿಕ್ಕಿಸಬೇಕು. ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಜುಲೈಯಲ್ಲಿ ಲಿಂಕ್ ಬಿದ್ದದ್ದಕ್ಕೆ ಇದು ಕಾರಣ ಅಲ್ಲ, ಆದರೆ ಬರುವ ವರ್ಷ ಇದೇ ಕಾರಣ ಆಗುತ್ತಿತ್ತು. ಗುಡುಗು ಮಿಂಚಿಗೆ ಅರ್ತ್ ಹಾಕಿದ್ದೀಯಾ?

— ಹಾಕಿದ್ದೇನೆ. ಇದ್ದಿಲು ಉಪ್ಪು ಹಾಕಿ ಎಂಟು ಅಡಿ ಗುಂಡಿ. ಏಪ್ರಿಲ್ ಸಿಡಿಲಿಗೆ ಪಕ್ಕದ ಮನೆಯ ಟಿವಿ ಹೋದದ್ದು ನೋಡಿದ ಮೇಲೆ ಅದರಲ್ಲಿ ಉದಾಸೀನ ಮಾಡಲಿಲ್ಲ.

— ಒಳ್ಳೆಯದು. ಇನ್ನು ಪರೀಕ್ಷೆ. ಮೇ ತಿಂಗಳಲ್ಲಿ ಹೇಗೆ ಪರೀಕ್ಷೆ ಮಾಡಿದ್ದೆ?

— ಫೋನಿನಲ್ಲಿ ಸ್ಪೀಡ್ ಟೆಸ್ಟ್. ಮೂರು ಸಲ. ಚೆನ್ನಾಗಿ ಬಂತು.

— ಅದು ನಿನ್ನ ಲಿಂಕನ್ನು ಅಳೆಯಲಿಲ್ಲ. ಸಾಗರದಿಂದ ಆಚೆ ಇರುವ ಇಂಟರ್ನೆಟ್ಟನ್ನೂ ಸೇರಿಸಿ ಅಳೆಯಿತು. ಒಂದು ತುದಿಯಲ್ಲಿ ಒಂದು ಲ್ಯಾಪ್‌ಟಾಪ್, ಇನ್ನೊಂದರಲ್ಲಿ ಇನ್ನೊಂದು, ನಡುವೆ ಐಪರ್ಫ್ ಅನ್ನುವ ವೇಗ ಅಳೆಯುವ ಪ್ರೋಗ್ರಾಂ. ಆಚೆಯಿಂದ ಈಚೆ, ಈಚೆಯಿಂದ ಆಚೆ, ಎರಡೂ ಬೇರೆ ಬೇರೆ. ಪೇಟೆಯ ತುದಿಗೆ ಸುತ್ತಲಿನ ವೈಫೈ ಗದ್ದಲ ಜಾಸ್ತಿ ಕೇಳಿಸುತ್ತದೆ, ಹಳ್ಳಿಯ ತುದಿಗೆ ಕೇಳಿಸುವುದಿಲ್ಲ. ಅದಕ್ಕೇ ಒಂದು ದಿಕ್ಕು ಓಡುತ್ತದೆ, ಒಂದು ದಿಕ್ಕು ಕುಂಟುತ್ತದೆ. ರಾತ್ರಿ ಎಂಟರಿಂದ ಹತ್ತರ ತನಕ, ಎಲ್ಲರೂ ಮನೆಯಲ್ಲಿ ವಿಡಿಯೋ ನೋಡುವ ಹೊತ್ತು, ಅಳೆಯಬೇಕು. ಡಿಸೆಂಬರ್ ಮುಂಜಾನೆ ಹಿನ್ನೀರಿನ ಮೇಲೆ ಮಂಜು ಕೂತು ಗಾಳಿ ಅಲುಗದೆ ಇರುವಾಗಲೂ ಅಳೆಯಬೇಕು. ತಣ್ಣನೆ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ಇದ್ದರೆ ಅಲೆಯ ದಾರಿಯೇ ಬಾಗುತ್ತದೆ.

— ಅಷ್ಟೂ ಹೊತ್ತು ನಾನು ಅಲ್ಲಿ ಕೂರುವುದಕ್ಕೆ ಆಗುತ್ತದಾ?

— ರೇಡಿಯೋವೇ ಕೂರಲಿ. ಐದು ನಿಮಿಷಕ್ಕೊಮ್ಮೆ ಎರಡೂ ತುದಿಯ ಸಿಗ್ನಲ್, ಗದ್ದಲ, ಕಳೆದುಹೋದ ಪ್ಯಾಕೆಟ್ ಬರೆದಿಡಲು ಒಂದು ಸಣ್ಣ ಪ್ರೋಗ್ರಾಂ ಹಾಕು. ನನ್ನ ಮಟ್ಟಿಗೆ ಒಂದು ಮಳೆಗಾಲ, ಒಂದು ಚಳಿಗಾಲ, ಒಂದು ಬೇಸಿಗೆ ದಾಟದ ಲಿಂಕು ಇನ್ನೂ ಪರೀಕ್ಷೆಯಲ್ಲೇ ಇದೆ ಅಂತ ಲೆಕ್ಕ. ಶಾಲೆಯವರಿಗೂ ಹಾಗೇ ಹೇಳು. ಅವರು ನಂಬಿ ಕೂರುವ ಮೊದಲು ಹೇಳಬೇಕಾದ ಮಾತು ಅದು.

— ಅದನ್ನು ಹೇಳದೆ ಇದ್ದದ್ದೇ ನನ್ನ ತಪ್ಪು. ಉದ್ಘಾಟನೆ ಮಾಡಿಸಿದೆ, ಮಕ್ಕಳಿಗೆ ಲಾಡು ಹಂಚಿದೆ.

— ಹಂಚಿದ್ದು ಇರಲಿ. ಶನಿವಾರ ನಾನೂ ಬರುತ್ತೇನೆ. ಡಿಶ್ ಇಳಿಸಲು ಇಬ್ಬರು ಬೇಕು, ಆಚೆ ಗುಡ್ಡದಲ್ಲಿ ಒಬ್ಬರು ಫೋನ್ ಹಿಡಿದು ನಿಲ್ಲಬೇಕು. ಹಗ್ಗ, ಸೊಂಟದ ಬೆಲ್ಟ್, ಟೇಪು, ನಿನ್ನ ಪುಸ್ತಕ. ಮೊದಲು ಪುಸ್ತಕದಲ್ಲಿ ಇನ್ನೊಂದು ಕಾಲಂ ಗೀಚು.

— ಏನು ಬರೆಯಲಿ?

— ಲಿಂಗನಮಕ್ಕಿ ನೀರಿನ ಮಟ್ಟ. ಪತ್ರಿಕೆಯಲ್ಲಿ ದಿನಾ ಅಡಿ ಲೆಕ್ಕದಲ್ಲಿ ಬರುತ್ತದೆ, ಪೂರ್ಣ ಮಟ್ಟ 1,819 ಅಡಿ. ಹಳೆಯ ಪತ್ರಿಕೆ ಮನೆಯಲ್ಲಿದೆಯಾ?

— ಅಮ್ಮ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದಾರೆ.

— ಜುಲೈ ಕೊನೆಯ ವಾರದಿಂದ ತೆಗಿ. ಲಿಂಕ್ ಬಿದ್ದ ದಿನ, ಎದ್ದ ದಿನ, ಎದುರಿಗೆ ಆ ದಿನದ ಅಡಿ. ಶನಿವಾರಕ್ಕೆ ಬರೆದಿಟ್ಟಿರು, ನಾನು ಲಾಂಚ್ ಕಡೆಗೆ ಹೋಗುವುದಿಲ್ಲ, ಸೇತುವೆ ಮೇಲೆ ಬೈಕಿನಲ್ಲೇ ಬರುತ್ತೇನೆ. ನೀರು ಎಲ್ಲಿಯ ತನಕ ಬಂದಿದೆ ಅಂತ ನನಗೂ ಕಣ್ಣಾರೆ ನೋಡಬೇಕು.